ಜೋಡು ಕಾಣದ ದ್ರಾಕ್ಷಿ ಬಳ್ಳಿ

ಮಾನ್ಯ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಕಳೆದ ವಾರ ನಮ್ಮ ಬಡಾವಣೆಯ ಹೊಸ ಮನೆಯೊಂದಕ್ಕೆ ನೆಲ ಹಾಸುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಬಂದೊಡನೆ, ಗೋಳಗುಮ್ಮಟದ ಹತ್ತಿರದ ಹಳೆಯ ಓಣಿಯಲ್ಲಿ ನಮ್ಮ ನೆರೆಮನೆಯವರಾಗಿದ್ದ ಚಾಚಾ ನೆನಪಾದರು. ಇದು ನನ್ನ ಮೊದಲ ಬರಹವಾದ್ದರಿಂದ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಚಾಚಾ ಹೂವಿನ ಚಿತ್ತಾರದ ಸಿಮೆಂಟ್ ಟೈಲ್ಸ್‌ಗಳನ್ನು ಕೈಯಿಂದಲೇ ಅಚ್ಚು ಹಾಕಿ ತಯಾರಿಸುತ್ತಿದ್ದರು. ನೆಲ ಹಾಸಿದ ಬಳಿಕ ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿ, "ಮೊದಲನೇದು ಯಾವದು, ತೋರಸರಿ" ಎಂದು ಕೇಳುವುದು ಅವರ ಪದ್ಧತಿ. ಮೊದಲು ಕೂರಿಸಿದ ಟೈಲ್ಸ್ ಯಾವುದೆಂದು ಯಾರಾದರೂ ಗುರುತು ಹಿಡಿದರೆ ಆ ಭಾಗವನ್ನು ಕಿತ್ತು ಮತ್ತೆ ಹಾಸುತ್ತಿದ್ದರು.

ಆಗ ನಾನು ಕಂಪ್ಯೂಟರಿನಲ್ಲಿ ಹಿನ್ನೆಲೆಯ ವಿನ್ಯಾಸಗಳನ್ನು ರಚಿಸಲು ಮುದ್ರಣಾಲಯವೊಂದಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಒಂದೇ ಚೌಕವನ್ನು ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸುತ್ತ ಹೋದರೂ ಎಲ್ಲಿಯೂ ಜೋಡು, ಅಂದರೆ ಕೂಡಿಸಿದ ಗುರುತು, ಕಾಣಬಾರದು... ಅದೇ ಆ ಕೆಲಸದ ಸಾರ. ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಅಂಗಡಿ ಗೋಡೆಗೆ ಅಂಟಿಸುವ ಕಾಗದಕ್ಕೆ ದ್ರಾಕ್ಷಿ ಬಳ್ಳಿ ಬಿಡಿಸುವುದು ನನಗೆ ವಹಿಸಿದ ಮೊದಲ ಜವಾಬ್ದಾರಿ. ಮಾದರಿ ನೋಡಿ ಅವರು ನಕ್ಕುಬಿಟ್ಟರು.

"ಯವ್ವಾ, ಗೇಣಿಗೊಮ್ಮೆ ಬಳ್ಳಿ ಕಡದೀಯಲ್ಲ! ನಮ್ಮ ತ್ವಾಟದಾಗ ನಿನ್ನ ಬಿಟಗೊಬಾರದು ನೋಡು."

ಮುದ್ರಣಾಲಯದ ಮಾಲೀಕರು ಮಾತ್ರ ನಗಲಿಲ್ಲ. ಮರುದಿನ ಮುಂಜಾನೆಯೊಳಗೆ ಸರಿಪಡಿಸದಿದ್ದಲ್ಲಿ ಬೇರೆ ಕೆಲಸ ನೋಡಿಕೊಳ್ಳುವಂತೆ ತಿಳಿಸಿದರು.

ಸಂಜೆ ಅಳುಮುಖದಿಂದ ಆ ಹಾಳೆ ಹಿಡಿದು ಚಾಚಾರ ಮನೆಗೆ ಹೋದೆ. ಬಾಗಿಲ ಬಳಿ ತಮ್ಮ ಸ್ಟೂಲಿನ ಮೇಲೆ ಕುಳಿತಿದ್ದ ಅವರು, ಹಾಳೆಯನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿಯೇಬಿಟ್ಟರು! ನಾನು ಹೌಹಾರಿದೆ. ಅವರು ತುಂಡುಗಳನ್ನು ಮೂಲೆಗೆ ಮೂಲೆ ಅದಲುಬದಲು ಮಾಡಿ ನೆಲದ ಮೇಲಿಟ್ಟರು. ಹೊರ ಅಂಚುಗಳೆಲ್ಲ ನಡುವೆ ಬಂದು ಕೂಡಿದವು, ಕತ್ತರಿಸಿದ ನಡುಭಾಗವೇ ಹೊರ ಅಂಚಾಯಿತು. ತುಂಡಾದ ಬಳ್ಳಿಗಳು ಎದುರುಬದುರಾಗಿ ಕಂಡವು.

"ಈಗ ನಡುವಿಂದು ಕೂಡಸು. ಅಂಚಿಗೆ ಕೈ ಹಚ್ಚಬ್ಯಾಡ, ಅದು ತಾನ ಕೂಡತೈತಿ" ಎಂದರು.

ಬಳ್ಳಿ ಕೂಡಿತು. ಸಂತೋಷದ ಭರದಲ್ಲಿ ನಡುವೆ ಒಂದು ಭರ್ಜರಿ ಗೊಂಚಲನ್ನೂ ಬಿಡಿಸಿದೆ. ಮನೆಗೆ ಓಡಿ, ಅದನ್ನು ಕಂಪ್ಯೂಟರಿಗೆ ಏರಿಸಿ, ಹನ್ನೆರಡು ಪ್ರತಿ ತೆಗೆದು ತಂದು ಹಾಸಿದೆ. ಚಾಚಾ ಒಳಗಿದ್ದ ಚಾಚಿಯನ್ನು ಕರೆದು ಎಂದಿನ ಪ್ರಶ್ನೆ ಕೇಳಿದರು.

"ಇದಾ ನೋಡ್ರಿ, ಈ ಡೊಳ್ಳಹೊಟ್ಟಿ ಗೊಂಚಲ! ಇಲ್ಲೂ ಐತಿ, ಅಲ್ಲೂ ಐತಿ. ದಡಾರ ಎದ್ದಂಗ ಆಗೇತಿ" ಎಂದು ಚಾಚಿ ನಕ್ಕರು.

"ನೀ ಜೋಡು ಮುಚ್ಚೀದಿ, ಜಂಬ ಮುಚ್ಚಲಿಲ್ಲ" ಎಂದು ಚಾಚಾರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆ ಗೊಂಚಲನ್ನು ಉಳಿದವುಗಳಷ್ಟೇ ಸಣ್ಣದಾಗಿಸಿ ಮತ್ತೆ ಹಾಸಿದಾಗ, ಚಾಚಿ ಬಹಳ ಹೊತ್ತು ನೋಡಿ, "ಗೊತ್ತಾಗವಲ್ದಬೇ" ಎಂದರು. ಮರುದಿನ ವ್ಯಾಪಾರಿ ಆ ವಿನ್ಯಾಸವನ್ನು ಒಪ್ಪಿದರು. ನನ್ನ ಕೆಲಸ ಉಳಿಯಿತು. ಇಂದಿಗೂ ಅದೇ ಕೆಲಸದಲ್ಲಿದ್ದೇನೆ.

ಚಾಚಾ ತೀರಿಕೊಂಡು ಎರಡು ವರ್ಷಗಳಾದವು. ಸಿಮೆಂಟಿನ ವಾಸನೆ ಬಂದ ಆ ದಿನವೇ ಚಾಚಿಯನ್ನು ಕಂಡು ಬಂದೆ. ಚಹಾ ಕೊಟ್ಟವರು, ಚಾಚಾರ ದನಿಯನ್ನೇ ಅಣಕಿಸುತ್ತ, "ಮೊದಲನೇದು ಯಾವದು, ತೋರಸ ನೋಡೂಣು" ಎಂದರು.

ಚಾಚಾರೇ ಹಾಸಿದ ನೆಲವದು. ಎಷ್ಟು ಹುಡುಕಿದರೂ ಜೋಡು ಸಿಗಲಿಲ್ಲ. ಬಾಗಿಲ ಬಳಿ ಮಾತ್ರ, ಸ್ಟೂಲಿನ ಕಾಲುಗಳು ಊರಿ ಊರಿ, ನಾಲ್ಕು ಹೂವುಗಳ ಬಣ್ಣ ಸವೆದಿತ್ತು...

"ಇಡೀ ಮನ್ಯಾಗ ಗುರ್ತ ಹತ್ತೂದು ಅದೊಂದ ಜಾಗಾ" ಎಂದರು ಚಾಚಿ. ನಾವಿಬ್ಬರೂ ಆ ಹೂವುಗಳನ್ನು ತುಳಿಯದಂತೆ ದಾಟಿ ಹೊರಗೆ ಬಂದೆವು.