ದ್ರೋಹಿಗೆ ಕ್ಷಮೆ ಸಿಕ್ಕ ರಾತ್ರಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ. ಅವತ್ತು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಸುಸ್ತಾಗಿತ್ತು, ಅಷ್ಟೇ.

ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೂ ಪರದಾಟ. ಆದರೂ ಹೊಳಲು ಅನ್ನೋ ಊರಿನ ನಾವು ಊರೂರಿಗೆ ಹೋಗಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ಕಥೆಯನ್ನು ನಾಟಕವಾಡುತ್ತಿದ್ದೆವು. ಶತ್ರುಗಳ ಜೊತೆ ಸೇರಿ ಸುಲ್ತಾನನಿಗೆ ದ್ರೋಹ ಬಗೆದ ದಿವಾನನ ಪಾತ್ರ ನನ್ನದು. ಕೊನೆಗೆ ಕೋಟೆ ಬಾಗಿಲಲ್ಲಿ ಸಿಪಾಯಿಗಳು ನನ್ನನ್ನು ಕಡಿಯಬೇಕು. ಕಡಿದ ಕೂಡಲೇ ಜನ "ಒನ್ಸ್ ಮೋರ್!" ಅನ್ನೋರು. ಎದ್ದು ಮತ್ತೆ ಸಾಯಬೇಕು. ಕೆಲವು ಊರುಗಳಲ್ಲಿ ಬೆಳಗಾಗುವವರೆಗೂ ಸಾಯಿಸಿದ್ದಾರೆ, ಪುಣ್ಯಾತ್ಮರು!

ನಾಟಕ ಮುಗಿದರೂ ಪಾತ್ರ ನನ್ನನ್ನು ಬಿಡಲಿಲ್ಲ. ಒಂದು ದಿನ ಹೆಂಡತಿ ಕೆಂಪಿ ಖಾಲಿ ಕೊಡ ಇಟ್ಟು ಅತ್ತಳು.

"ಬಾವಿ ತಾವ ದ್ರೋಹಿ ಎಂಡ್ರು ಬಂದ್ಲು ಅಂತ ಜಾಗಾನೇ ಬುಡಾಕಿಲ್ಲ. ಈ ಯೇಸ ಬುಡಿ, ಇಲ್ಲಾಂದ್ರೆ ತೌರಿಗೆ ಓಯ್ತೀನಿ."

ಅವತ್ತೇ ಸಂಜೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಹೋದೆ.

"ಕೊನೇಲಿ ಸುಲ್ತಾನ ದಿವಾನನ್ನ ಕ್ಸಮಿಸ್ಲಿ ಮೇಷ್ಟ್ರೇ."

"ಚರಿತ್ರೇಲಿ ಅಂಗಿಲ್ಲ ಕಣ್ಲಾ."

"ಚರಿತ್ರೇಲಿ ಅವ್ನು ಒಂದೇ ಸಲ ಸತ್ತ. ನಾನು ಎಷ್ಟ್ ಸಲ ಸಾಯ್ಲಿ?"

ಮೇಷ್ಟ್ರು ನಕ್ಕು ಒಪ್ಪಿಕೊಂಡರು.

ಬೆಳಕವಾಡಿಯಲ್ಲಿ ಆಟ. ಸುಲ್ತಾನನ ವೇಷದ ಸಿದ್ದ ಕತ್ತಿಗಳನ್ನು ತಡೆದು, "ಕ್ಷಮಿಸಿದ್ದೇನೆ, ಏಳು" ಎಂದ. ಜನ ಸಪ್ಪಗೆ ಎದ್ದುಹೋದರು. ಒನ್ಸ್ ಮೋರ್ ಇಲ್ಲ. ಅಬ್ಬಾ ಅನ್ನಿಸಿತು.

ಎಲ್ಲರೂ ಮಲಗಿದ ಮೇಲೆ ನಾನೊಬ್ಬನೇ ರಂಗದ ಮೇಲೆ ಕೂತು ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ಒರೆಸುತ್ತಿದ್ದೆ. ದೀಪ ತಾನಾಗಿಯೇ ಸಣ್ಣಗಾಯಿತು... ಕೋವಿ ಮದ್ದು ಸುಟ್ಟ ವಾಸನೆ ಬಂತು. ನಮ್ಮ ನಾಟಕದಲ್ಲಿ ಒಂದು ಪಟಾಕಿಯೂ ಇರಲಿಲ್ಲ.

ಖಾಲಿ ಬಯಲಿನಿಂದ ದಣಿದ ದನಿಯೊಂದು ಕೇಳಿಸಿತು.

"ಇನ್ನೊಂದ್ಸಲ... ಅನ್ನಪ್ಪ."

"ಯಾರ್ಲಾ ಅದು?"

"ನಂಗೆ ಯಾರೂ ಆ ಮಾತು ಅನ್ನಲಿಲ್ಲ..."

ಬಣ್ಣ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು, ತೊದಲುತ್ತಾ ನಾನೇ ಅಂದೆ: "ಕ್ಷಮಿಸಿದ್ದೇನೆ... ಏಳು."

ಕತ್ತಲಲ್ಲಿ ಮಂಡಿಯೂರಿದ್ದ ಯಾರೋ ಎದ್ದ ಸದ್ದು. ಆಮೇಲೆ ಏನೂ ಇಲ್ಲ.

ಮುಂದಿನ ಊರಿನವರು ಬಿಲ್‌ಕುಲ್ ಒಪ್ಪಲಿಲ್ಲ. "ದ್ರೋಹೀನ ಕಡೀದಿದ್ರೆ ಅದ್ಯಾವ ಸೀಮೆ ನಾಟಕ?" ಮೇಷ್ಟ್ರು ಹಳೆಯದನ್ನೇ ಆಡಿಸಿದರು. ನಾನು ವೇಷ ಬಿಟ್ಟು ಪರದೆ ಎಳೆಯುವ ಕೆಲಸಕ್ಕೆ ನಿಂತೆ. ಕೆಂಪಿಗೆ ಬಾವಿಯ ಹತ್ತಿರ ಜಾಗ ಸಿಕ್ಕಿತು.

ಆದರೆ ಆ ಊರಿನ ಆಟದಲ್ಲಿ, ಬೇರೆಯವನೊಬ್ಬ ದಿವಾನನಾಗಿ ಸತ್ತು, ಜನ "ಒನ್ಸ್ ಮೋರ್!" ಎಂದು ಕೂಗಿದಾಗ, ಪರದೆಯ ಹಿಂದೆ ಅದೇ ಮದ್ದಿನ ವಾಸನೆ... ನನ್ನ ಕಿವಿಯ ಪಕ್ಕದಲ್ಲೇ ಅದೇ ದನಿ.

"ಕ್ಷಮಿಸಿದ್ದೀನಿ ಅಂದಿದ್ದೆಯಲ್ಲಪ್ಪ..."