ಎಡಕ್ಕೆ ತಿರುಗಿಸುವವನು

ಆ ಅಮೆರಿಕದವನು ನಮ್ಮ ಕಂಪನಿಗೆ ಬಂದ ಮೊದಲ ದಿನವೇ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ಅವನು ಮಾಡಿದ ತಪ್ಪೇನೂ ಇರಲಿಲ್ಲ. ಸಭೆಯಲ್ಲಿ ಎದ್ದು ನಿಂತು, ತಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ತನಗೆ ಗೊತ್ತಿರುವುದೆಲ್ಲ ಕಾರು ಓಡಿಸುವುದು ಮಾತ್ರ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಕಾಲೇಜಿನ ಮೆಟ್ಟಿಲು ಹತ್ತಿದವನು. ನಮ್ಮ ಕುಟುಂಬದಲ್ಲಿ ನನಗಿಂತ ಮುಂಚೆ ಯಾರೂ ಹತ್ತಿರಲಿಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಡಿಗ್ರಿಗೆ ಬೆಂಗಳೂರಿನಲ್ಲೊಂದು, ದೆಹಲಿಯಲ್ಲೊಂದು, ಕುವೈತಿಗೆ ಬಂದ ಮೇಲೆ ಇನ್ನೊಂದು ಮುದ್ರೆ ಒತ್ತಿಸಿದ್ದೇನೆ. ಅಷ್ಟಾದ ಮೇಲೂ, ನನ್ನ ಕಾಲೇಜು ಇಲ್ಲಿಯವರು ಒಪ್ಪುವ ಕಾಲೇಜುಗಳಲ್ಲಿ ಇಲ್ಲವೆಂದು ಗೊತ್ತಾಗಿ, ನನ್ನ ಇಕಾಮಾ ಕಾರ್ಡಿನಿಂದ, ಅಂದರೆ ಇಲ್ಲಿರಲು ಸರ್ಕಾರ ಕೊಡುವ ಪರವಾನಗಿಯಿಂದ, ಇಂಜಿನಿಯರ್ ಎಂಬ ಪದ ಹೋಗಿ ಸೂಪರ್‌ವೈಸರ್ ಎಂದು ಬಿತ್ತು. ನಾನು ಚಪ್ಪಾಳೆ ತಟ್ಟಲಿಲ್ಲ ಎಂದು ಹೇಳಲಾರೆ. ತಟ್ಟಿದೆ. ಕೈ ಎರಡೂ ಸೇರಿದವು, ಸದ್ದು ಬರಲಿಲ್ಲ.

ನಮ್ಮ ಕಂಪನಿಯದು ಕಾರು ಓಟದ ವ್ಯವಹಾರ. ಊರಿನ ಹೊರಗೆ ಮರುಭೂಮಿಯಲ್ಲಿ ನಮ್ಮ ಟ್ರ್ಯಾಕ್ ಇದೆ. ಇಲ್ಲಿಯ ಯುವಕರು ರಸ್ತೆಯಲ್ಲಿ ಹುಚ್ಚಾಟ ಆಡುವ ಬದಲು ಇಲ್ಲಿಗೆ ಬಂದು ಓಡಿಸಲಿ ಎಂದು ನಮ್ಮ ಕಫೀಲ, ಅಂದರೆ ನಮ್ಮ ವೀಸಾದ ಹೊಣೆ ಹೊತ್ತ ಕುವೈತಿ ಮಾಲೀಕ, ಇದನ್ನು ಶುರುಮಾಡಿದ. ಓಟಕ್ಕೆ ಮುಂಚೆ ಪ್ರತಿಯೊಂದು ಕಾರನ್ನೂ ಅಳೆದು, ತೂಗಿ, ಕೆಳಗೆ ನುಗ್ಗಿ ನೋಡುವುದು ನನ್ನ ಕೆಲಸ. ಹಿಂದಿದ್ದ ತರಬೇತಿ ಮುಖ್ಯಸ್ಥ ಕೆಲಸ ಬಿಟ್ಟಾಗ ಅವನ ಕೋಣೆ ಖಾಲಿಯಾಯಿತು. ಇಡೀ ಟ್ರ್ಯಾಕ್ ಕಾಣುವ ದೊಡ್ಡ ಕಿಟಕಿಯ ಕೋಣೆ ಅದು. ಕಫೀಲ ಒಮ್ಮೆ ನನ್ನ ಹೆಗಲು ತಟ್ಟಿ, ಇನ್ಶಾಅಲ್ಲಾ ಅದು ನಿನಗೇ ಎಂದಿದ್ದ. ಆ ಕಿಟಕಿಯಲ್ಲಿ ಇಡಲು ನನ್ನ ಹೆಂಡತಿ ಒಂದು ತುಳಸಿ ಗಿಡವನ್ನೂ ಬೇರೆ ಕುಂಡಕ್ಕೆ ಹಾಕಿಟ್ಟಿದ್ದಳು.

ತರಬೇತಿ ಮುಖ್ಯಸ್ಥನಾಗಿ ಆ ಕೋಣೆಗೆ ಹೋಗಿ ಕೂತವನು ಅಮೆರಿಕದವನು. ಒಂದು ವರ್ಷದ ಒಪ್ಪಂದ. ತುಳಸಿ ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲೇ ಉಳಿಯಿತು.

ಮನಸ್ಸಿನಲ್ಲಿ ಅವನಿಗೆ ಏಕವಚನ, ಬಾಯಲ್ಲಿ ಸರ್. ಹಾಗೆಯೇ ನಡೆಯುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವನು ನಮ್ಮೆಲ್ಲರ ಜೊತೆ ಕ್ಯಾಂಟೀನಿನಲ್ಲಿ ಕೂತು ತನ್ನ ಕಥೆ ಹೇಳುತ್ತಿದ್ದ. ಅವನು ಓಡಿಸಿದ್ದು ಸ್ಟಾಕ್ ಕಾರು. ಹೊರಗಿನಿಂದ ನೋಡಿದರೆ ರಸ್ತೆಯ ಕಾರಿನ ಹಾಗೆ. ಒಳಗೆ ಕಬ್ಬಿಣದ ಪೈಪುಗಳ ಪಂಜರ, ಒಂದು ಸೀಟು, ದೊಡ್ಡ ಇಂಜಿನ್. ಮೊಟ್ಟೆಯ ಆಕಾರದ ಉದ್ದುರುಟು ಟ್ರ್ಯಾಕಿನಲ್ಲಿ ಹತ್ತಾರು ಕಾರುಗಳು ಒಂದಕ್ಕೊಂದು ಉಜ್ಜಿಕೊಂಡು ಸುತ್ತು ಹಾಕುತ್ತವೆ. ತಿರುವು ಎಲ್ಲ ಎಡಕ್ಕೇ. ಅವನ ಅಜ್ಜ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಿದವನಂತೆ. ಅಪ್ಪ ಓಡಿಸುತ್ತಲೂ ಇದ್ದ, ಇಂಜಿನ್ ಕಟ್ಟುತ್ತಲೂ ಇದ್ದ. ಇವನು ಸರಿಯಾಗಿ ಓದಲು ಕಲಿಯುವ ಮೊದಲೇ ಅಪ್ಪ ಒಂದು ಪುಟ್ಟ ರೇಸ್ ಕಾರು ಮಾಡಿ, ಸೊಂಟಕ್ಕೆ ಬೆಲ್ಟು ಬಿಗಿದು ಅದರಲ್ಲಿ ಕೂರಿಸಿದ. ಆಮೇಲೆ ಊರ ಓಟ, ರಾಜ್ಯದ ಓಟ, ಕೊನೆಗೆ ಟಿವಿಯಲ್ಲಿ ಬರುವ ದೊಡ್ಡ ಓಟ. ಅಲ್ಲಿ ಇಷ್ಟೆಲ್ಲ ವರ್ಷ ಓಡಿಸಿ ಇವನು ಗೆದ್ದದ್ದು ಒಂದೇ ಒಂದು ಸಲ. ಒಮ್ಮೆ ಗೋಡೆಗೆ ಬಡಿದು ಕಾಲು ಮುರಿದುಕೊಂಡ, ಕಾರಿನ ಮೇಲೆ ತನ್ನ ಹೆಸರು ಬರೆಸಿ ದುಡ್ಡು ಕೊಡುತ್ತಿದ್ದ ಕಂಪನಿ ಕೈಬಿಟ್ಟಿತು, ಸೀಟು ಬೇರೊಬ್ಬ ಯುವಕನಿಗೆ ಹೋಯಿತು. ಆಮೇಲೆ ಕಲಿಸುವ ಕೆಲಸ.

ಒಂದೇ ಒಂದು ಗೆಲುವು! ಅದನ್ನು ಹೇಳಿದಾಗ ಟೇಬಲ್ಲಿನವರೆಲ್ಲ ಕೈಕುಲುಕಿದರು. ನಾನು ಕಾಲೇಜಿಗೇ ಮೊದಲನೆಯವನಾಗಿ ಪಾಸಾದದ್ದನ್ನು ಯಾವ ಕ್ಯಾಂಟೀನಿನಲ್ಲೂ ಯಾರೂ ಕೇಳಿದ್ದಿಲ್ಲ.

ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದೆ: ಜೀವಮಾನವೆಲ್ಲ ಎಡಕ್ಕೆ ತಿರುಗಿಸಿದವನು ಅವನು, ಅದರಲ್ಲೇನು ದೊಡ್ಡಸ್ತಿಕೆ?

"ಅಲ್ಲ ಮಾರಾಯ್ರೆ," ಅಂದಳು ಅವಳು, "ಎಡಕ್ಕೆ ತಿರುಗಿಸಿದ್ರೂ ಕಿಟಕಿ ಅವರಿಗೇ ಸಿಕ್ಕಿತಲ್ಲ."

ಕಿಟಕಿಗಿಂತ ಹೆಚ್ಚು ನನ್ನನ್ನು ಸುಡುತ್ತಿದ್ದದ್ದು ಆ ಪುಟ್ಟ ಕಾರು. ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಅಪ್ಪ ಕಾರ್ಕಳದ ಕಡೆಯ ಖಾಸಗಿ ಬಸ್ಸಿನ ಡ್ರೈವರ್. ಸಂಜೆ ಕೊನೆಯ ಟ್ರಿಪ್ಪು ಮುಗಿಸಿ ಬಸ್ಸು ನಮ್ಮ ಮನೆಯ ಹತ್ತಿರವೇ ಹಾಲ್ಟ್ ಆಗುತ್ತಿತ್ತು. ಅಪ್ಪ ತೊಳೆಯುವಾಗ ನಾನು ಒಮ್ಮೆ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದೆ. ಅಪ್ಪ ಒದ್ದೆ ಕೈಯಲ್ಲೇ ರಟ್ಟೆ ಹಿಡಿದು ಇಳಿಸಿದರು. "ಈ ಸೀಟಲ್ಲಿ ಕೂತದ್ದು ನಾನೊಬ್ಬ ಸಾಕು. ನೀನು ಹೋಗಿ ಪುಸ್ತಕ ಹಿಡಿ" ಎಂದರು. ಆಮೇಲೆ ಒಂದು ದಿನವೂ ಹತ್ತಗೊಡಲಿಲ್ಲ. ನಾನು ಗಾಡಿ ಬಿಡಲು ಕಲಿತದ್ದು ಕುವೈತಿಗೆ ಬಂದ ಮೇಲೆ, ದುಡ್ಡು ಕೊಟ್ಟು, ಯಾವನೋ ಈಜಿಪ್ಟಿನವನಿಂದ. ಅವನಪ್ಪ ಬೆಲ್ಟು ಬಿಗಿದು ಕೂರಿಸಿದ, ನನ್ನಪ್ಪ ರಟ್ಟೆ ಹಿಡಿದು ಇಳಿಸಿದರು. ಇಳಿಸಿದ್ದರಿಂದಲೇ ನಾನು ಇಂಜಿನಿಯರ್ ಆದೆ, ಅದು ನನಗೆ ಗೊತ್ತು. ಗೊತ್ತಿದ್ದರೂ ಉರಿ ಆರುವುದಿಲ್ಲ.

ವರ್ಷ ಮುಗಿಯುತ್ತ ಬಂದಾಗ ಕಫೀಲ ನನ್ನನ್ನು ಕರೆಸಿದ. ಮುಹಂದಿಸ್ ಎಂದೇ ಅವನು ನನ್ನನ್ನು ಕರೆಯುವುದು. ಅರಬ್ಬಿಯಲ್ಲಿ ಇಂಜಿನಿಯರ್ ಎಂದು ಅರ್ಥ. ಕಾರ್ಡಿನಲ್ಲಿಲ್ಲದ್ದು ಅವನ ಬಾಯಲ್ಲಾದರೂ ಇದೆ. ಅಮೆರಿಕದವನ ಒಪ್ಪಂದ ಮುಂದುವರಿಸಬೇಕೋ, ಖಲಾಸ್ ಮಾಡಬೇಕೋ, ಚಳಿಗಾಲದ ಪ್ರದರ್ಶನ ಓಟ ಮುಗಿದ ಮೇಲೆ ನೀನೇ ಹೇಳು ಎಂದ. ಖಲಾಸ್ ಆದರೆ ಆ ಕೋಣೆ ಯಾರದು ಎಂದು ನಾನು ಕೇಳಲಿಲ್ಲ. ಅವನು ನಕ್ಕ. ಅದೇ ಉತ್ತರ.

ಆವತ್ತು ಬಾಲ್ಕನಿಯ ತುಳಸಿಗೆ ನಾನೇ ನೀರು ಹಾಕಿದೆ.

ಪ್ರದರ್ಶನ ಓಟಕ್ಕೆ ನಮ್ಮ ಟ್ರ್ಯಾಕಿನ ಒಂದು ಭಾಗದಲ್ಲಿ ಕಾಂಕ್ರೀಟ್ ತಡೆಗೋಡೆ ಜೋಡಿಸಿ ಅಮೆರಿಕದ ರೀತಿಯ ಉದ್ದುರುಟು ಸುತ್ತು ಮಾಡಿದ್ದೆವು. ಅವನೂ ಓಡಿಸುವವನಿದ್ದ, ಅವನ ಶಿಷ್ಯರೂ ಓಡಿಸುವವರಿದ್ದರು. ಆ ಓಟದಲ್ಲಿ ಡ್ರೈವರಿಗೆ ಪಕ್ಕ ಕಾಣುವುದಿಲ್ಲ. ಸೀಟಿನ ಎರಡು ಬದಿಯ ದಿಂಬುಗಳು ತಲೆಯನ್ನು ಹಿಡಿದಿಟ್ಟಿರುತ್ತವೆ. ಅದಕ್ಕೇ ಪ್ರತಿಯೊಬ್ಬನಿಗೂ ಒಬ್ಬ ಸ್ಪಾಟರ್ ಇರುತ್ತಾನೆ. ಅವನು ಎತ್ತರದ ಕಟ್ಟಡದ ಮೇಲೆ ನಿಂತು ಕಿವಿಯ ರೇಡಿಯೋದಲ್ಲಿ, ನಿನ್ನ ಒಳಬದಿಗೆ ಒಬ್ಬ ಬಂದ, ಹೊರಬದಿಗೆ ಒಬ್ಬ ಇದ್ದಾನೆ, ಈಗ ಯಾರೂ ಇಲ್ಲ ಎಂದು ಹೇಳುತ್ತ ಹೋಗಬೇಕು. ಇನ್‌ಸೈಡ್, ಔಟ್‌ಸೈಡ್, ಕ್ಲಿಯರ್. ಅಷ್ಟೇ ಮಾತು. ಆ ಮಾತನ್ನು ನಂಬಿ ಡ್ರೈವರ್ ಗಾಡಿಯನ್ನು ಅತ್ತಿತ್ತ ಎಳೆಯುತ್ತಾನೆ.

ಅಮೆರಿಕದವನ ಖಾಯಂ ಸ್ಪಾಟರ್ ರಜೆಯ ಮೇಲೆ ಊರಿಗೆ ಹೋಗಿದ್ದ. ಅಮೆರಿಕದವನು ನೇರವಾಗಿ ನನ್ನ ಬಳಿ ಬಂದು, ಈ ಕಾರುಗಳ ಮೂಲೆಮೂಲೆಯನ್ನು ಅಳೆದವನು ನೀನು, ನೀನೇ ಮೇಲೆ ನಿಲ್ಲು ಎಂದ.

ಮೊದಲ ಅಭ್ಯಾಸದಲ್ಲೇ ಎಡವಟ್ಟಾಯಿತು. ಒಬ್ಬ ಶಿಷ್ಯನ ಕಾರು ಒಳಬದಿಯಿಂದ ನುಗ್ಗಿದ್ದು ನನಗೆ ಸರಿಯಾಗಿಯೇ ಕಂಡಿತು. "ಸರ್, ಇನ್‌ಸೈಡ್ ಸರ್" ಎಂದೆ. ಅಷ್ಟರಲ್ಲಿ ಅಮೆರಿಕದವನು ಗಾಡಿ ಒಳಗೆಳೆದಾಗಿತ್ತು. ತಗಡು ತಗಡಿಗೆ ಉಜ್ಜಿದ ಸದ್ದು ಮೇಲಿನವರೆಗೂ ಕೇಳಿಸಿತು. ನಾನು ಕೆಳಗಿಳಿದು ಬಂದಾಗ ಅವನು ಸಿಟ್ಟಾಗಿರಲಿಲ್ಲ. ನಜ್ಜಾದ ಬದಿಯನ್ನು ಸವರುತ್ತ, "ಆ ವೇಗದಲ್ಲಿ ನಿನ್ನ ಒಂದು ಸರ್ ಅಂದರೆ ಒಂದು ಕಾರಿನಷ್ಟು ಉದ್ದ. ಅದನ್ನು ಕೆಳಗೇ ಬಿಟ್ಟು ಮೇಲೆ ಹತ್ತು" ಎಂದ.

ಬಿಡಲು ನೋಡಿದೆ. ಬರಲಿಲ್ಲ. ಮೇಲಿನವರೊಡನೆ ಇಂಗ್ಲಿಷ್ ಮಾತಾಡಲು ಬಾಯಿ ತೆರೆದರೆ ಮೊದಲು ಸರ್ ಬರುತ್ತದೆ, ಆಮೇಲೆ ವಿಷಯ. ಕಾಲೇಜಿನಲ್ಲಿ ಹಾಗೆ ಕಲಿತದ್ದು, ಇಂಟರ್‌ವ್ಯೂಗಳಲ್ಲಿ ಹಾಗೆ ಗಟ್ಟಿಯಾದದ್ದು. ನಮ್ಮಂಥವರಿಗೆ ಆ ಪದ ಬಾಗಿಲು ತಟ್ಟಿದ ಹಾಗೆ. ತಟ್ಟದೆ ಒಳಗೆ ಹೋಗಿ ಗೊತ್ತಿಲ್ಲ. ಅವನಿಗೆ ಬಾಗಿಲುಗಳೆಲ್ಲ ತೆರೆದೇ ಇದ್ದವಲ್ಲ, ಅವನಿಗೆಲ್ಲಿ ಅರ್ಥವಾಗಬೇಕು ಎಂದು ಇನ್ನಷ್ಟು ಉರಿಯಿತು.

ಗುರುವಾರ ಸಂಜೆ ರಿಗ್ಗೈಯ ಸೂಪರ್ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಂಡತಿ ಟ್ರಾಲಿ ತಳ್ಳುತ್ತಿದ್ದಳು, ನಾನು ಹಿಂದೆ. ಸರ್ ನನ್ನ ಬಾಯಿ ಬಿಡದ ಕಥೆಯನ್ನು ಅವಳಿಗೆ ಹೇಳಿದ್ದೆ. ಅಕ್ಕಪಕ್ಕ ನೋಡಬೇಡ, ನಾನು ಹೇಳಿದ ಹಾಗೆ ತಳ್ಳು ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ತಲೆ ನೆಟ್ಟಗೆ ಮಾಡಿ ಹೊರಟಳು. ಬಲಗಡೆ ಒಬ್ಬ, ಎಡಗಡೆ ಮಗು, ಈಗ ಹೋಗು, ನಿಲ್ಲು, ಈಗ ಹೋಗು. ಅಕ್ಕಿಯ ಸಾಲಿನಿಂದ ಹಾಲಿನ ಫ್ರಿಜ್ಜಿನವರೆಗೆ ಯಾರಿಗೂ ತಾಗದೆ ಬಂದೆವು. ನಡುವೆ ಒಬ್ಬ ಅರಬ್ಬಿ ಮುದುಕ ನಿಂತು ನಮ್ಮನ್ನೇ ನೋಡಿದ.

ಫ್ರಿಜ್ಜಿನ ಹತ್ತಿರ ಹೆಂಡತಿ ತಿರುಗಿ ಕೇಳಿದಳು: "ನನಗೆ ಹೇಳುವಾಗ ನಿಮಗೆ ಹೆಸರೂ ಬೇಡ, ಸರೂ ಬೇಡ. ಮದುವೆಯಾದ ಮೇಲೆ ಒಂದು ದಿನ ನನ್ನ ಹೆಸರು ಹಿಡಿದು ಕರೆದದ್ದುಂಟಾ? ನೀರು ಕೊಡು, ಬಾಗಿಲು ಹಾಕು, ಅಷ್ಟೇ. ಅವರನ್ನೂ ಹಾಗೇ ಕರೀರಿ. ಹೆಂಡತಿ ಅಂತ ತಿಳ್ಕೊಳ್ಳಿ."

ಅವಳು ಚುಚ್ಚಲೆಂದೇ ಅಂದದ್ದು. ಆದರೆ ಅದು ಕೆಲಸಕ್ಕೆ ಬಂತು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರಿಲ್ಲದೆ ಕರೆಯುವ ಪದ್ಧತಿ ಇಂಥ ಕಡೆ ಉಪಯೋಗಕ್ಕೆ ಬೀಳುತ್ತದೆಂದು ನಾನು ಎಣಿಸಿರಲಿಲ್ಲ. ಟ್ರಾಲಿ ತಳ್ಳಿಕೊಂಡು ಹೊರಡುವಾಗ ನನಗೆ ಅಪ್ಪನ ಬಸ್ಸಿನ ಕಂಡಕ್ಟರ್ ಕೂಡ ನೆನಪಾದ. ಘಾಟಿಯ ತಿರುವಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಅವನು ಇಳಿದು, ಅಂಗೈಯಿಂದ ತಗಡು ಬಡಿಯುತ್ತ, ಬರಡ್, ಬರಡ್ ಎಂದು ತುಳುವಿನಲ್ಲಿ ಕೂಗುತ್ತಿದ್ದ, ಬರಲಿ, ಬರಲಿ. ಒಂದು ಸಲವೂ ಅಣ್ಣಾ ಎಂದವನಲ್ಲ. ಅಪ್ಪ ಒಂದು ಸಲವೂ ತಿರುಗಿ ನೋಡಿದವರಲ್ಲ.

ಓಟದ ದಿನ ಗಾಳಿ ಜೋರಿತ್ತು, ಮರಳು ಹಲ್ಲಿಗೆ ಸಿಗುತ್ತಿತ್ತು. ನಾನು ಕಟ್ಟಡದ ಮೇಲೆ ನಿಂತು ಹೆಂಡತಿಗೆ ಹೇಳುವ ಹಾಗೆ ಹೇಳುತ್ತ ಹೋದೆ. ಕೊನೆಕೊನೆಗೆ ಮೊದಲ ಜಾಗಕ್ಕೆ ಅಮೆರಿಕದವನ ಮತ್ತು ಒಬ್ಬ ಶಿಷ್ಯನ ನಡುವೆ ಪೈಪೋಟಿ ಬಿತ್ತು. ಶಿಷ್ಯನ ಹಳದಿ ಕಾರು ಒಳಬದಿಯಲ್ಲಿ ಅವನ ಬಾಗಿಲಿಗೆ ಅಂಟಿಕೊಂಡಿತು, ಹೊರಬದಿಯಲ್ಲಿ ಗೋಡೆ. ಇನ್‌ಸೈಡ್ ಎಂದೆ. ಇನ್ನೂ ಇನ್‌ಸೈಡ್. ಇನ್ನೂ ಇದ್ದಾನೆ. ಅವನ ಕಾರು ಗೋಡೆಗೂ ಹಳದಿ ಕಾರಿಗೂ ನಡುವೆ ಗೆರೆ ಎಳೆದಂತೆ ಹೋಯಿತು. ದುರ್ಬೀನಿನಲ್ಲಿ ಅವನ ಬಿಳಿ ಹೆಲ್ಮೆಟ್ ಕಾಣುತ್ತಿತ್ತು. ಆ ತಲೆ ಒಮ್ಮೆಯೂ ಅಲುಗಲಿಲ್ಲ.

ಆಗ ನನಗಾದ ಹೊಟ್ಟೆಕಿಚ್ಚು ಕಿಟಕಿಯದ್ದಲ್ಲ, ಪುಟ್ಟ ಕಾರಿನದ್ದೂ ಅಲ್ಲ. ಯಾರದೋ ಬಾಯಿಯನ್ನು ಇಷ್ಟು ನಂಬಲು ಇವನಿಗೆ ಹೇಗೆ ಬಂತು? ನನಗೆ ಬಂದ ಪ್ರತಿ ಮುದ್ರೆಯನ್ನೂ ಬೆಳಕಿಗೆ ಹಿಡಿದು ನೋಡಿದವನು ನಾನು. ಕಫೀಲನ ಇನ್ಶಾಅಲ್ಲಾವನ್ನು ನಾನು ಎಷ್ಟು ಸಲ ತೂಗಿ ನೋಡಿದ್ದೇನೋ. ಇವನು ನನ್ನ ಒಂದು ಪದಕ್ಕೆ ಗಾಡಿಯನ್ನೂ ಜೀವವನ್ನೂ ಒಪ್ಪಿಸಿ ನೆಟ್ಟಗೆ ನೋಡುತ್ತಿದ್ದ. ಅದು ಕಲಿತು ಬರುವ ವಿದ್ಯೆಯೋ, ಹುಟ್ಟಿನಿಂದ ಬಂದದ್ದೋ ತಿಳಿಯಲಿಲ್ಲ. ನನ್ನಲ್ಲಿ ಇಲ್ಲ ಎಂಬುದು ಮಾತ್ರ ತಿಳಿಯಿತು.

ಕ್ಲಿಯರ್ ಎಂದೆ. ಅವನು ಒಳಗೆಳೆದ.

ಅವನು ಎರಡನೆಯವನಾದ. ಕೊನೆಯ ಸುತ್ತಿನಲ್ಲಿ ಹಳದಿ ಕಾರಿನ ಶಿಷ್ಯ ಮತ್ತೆ ಹಿಂದಿಕ್ಕಿದ, ಅದನ್ನೂ ನಾನು ಹೊತ್ತಿಗೆ ಸರಿಯಾಗಿ ಹೇಳಿದ್ದೆ. ಸೋತವನು ಕಾರಿಂದ ಇಳಿದು ಗೆದ್ದವನನ್ನು ಎತ್ತಿ ಕುಣಿಸಿದ. ಆಮೇಲೆ ನನ್ನ ಕಡೆ ಬಂದು, ಈ ಕೆಲಸ ಎಲ್ಲಿ ಕಲಿತೆ ಎಂದು ಕೇಳಿದ. ನಾನು ಅಪ್ಪನ ಬಸ್ಸಿನ ವಿಷಯ ಹೇಳಿದೆ. ಅವನು ಅಲ್ಲೇ ಟಯರಿನ ಮೇಲೆ ಕೂತುಬಿಟ್ಟ. ಯಾವ ಬಸ್ಸು, ಗೇರು ಎಷ್ಟು, ಇಳಿಜಾರಿನಲ್ಲಿ ಬ್ರೇಕ್ ಕಾದರೆ ಏನು ಮಾಡುತ್ತಿದ್ದರು ಎಂದು ಒಂದೊಂದಾಗಿ ಕೇಳಿದ. ಅರ್ಧಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಫೋನ್ ಮಾಡಿ ಕೇಳು ಎಂದ.

ಮಾಡಿದೆ. ಊರಿನಲ್ಲಿ ಅಕ್ಕನ ಜೊತೆ ಇರುವ ಅಪ್ಪನಿಗೆ ಓಟದ ವಿಡಿಯೋವನ್ನೂ ಕಳಿಸಿದೆ. ಮರುದಿನ ಅವರೇ ಫೋನ್ ಮಾಡಿದರು. ಎಷ್ಟು ಸಲ ನೋಡಿದ್ದರೋ, ಪ್ರತಿ ತಿರುವೂ ಬಾಯಿಪಾಠ. "ಆ ಜನ ಒಳ್ಳೆ ಡ್ರೈವರ್ ಮಾರಾಯ," ಎಂದರು. "ಗೋಡೆ ಹತ್ತಿರ ಬಂದ್ರೂ ಬ್ರೇಕಿಗೆ ಕಾಲು ಇಡ್ಲಿಲ್ಲ ನೋಡು."

ಅಪ್ಪ ನನ್ನ ಅಂಕಪಟ್ಟಿಯನ್ನು ಯಾವಾಗಲೂ ತಲೆಕೆಳಗಾಗಿ ಹಿಡಿದು, ಆಯ್ತು ಎಂದು ವಾಪಸು ಕೊಟ್ಟವರು. ಒಳ್ಳೆಯ ಇಂಜಿನಿಯರ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಆ ವಾರವೇ ಕಫೀಲ ಕರೆದು ಕೇಳಿದ. ಖಲಾಸ್ ಎನ್ನಲು ನಾಲಗೆ ತುದಿಯವರೆಗೂ ಬಂದಿತ್ತು. ಕಿಟಕಿ ಕಣ್ಣೆದುರೇ ಇತ್ತು. ಆದರೆ ನಾನು ಆ ಬಿಳಿ ಹೆಲ್ಮೆಟ್ಟನ್ನು ಕಂಡವನು, ಕಂಡದ್ದನ್ನು ಕಂಡ ಹಾಗೆ ಹೇಳುವುದೇ ನನ್ನ ಕಸುಬು. "ಈ ಹುಡುಗರ ಕಾರುಗಳನ್ನು ನಾನು ಸರಿಮಾಡಬಲ್ಲೆ," ಎಂದೆ. "ಅಕ್ಕಪಕ್ಕ ತಿರುಗದ ಹಾಗೆ ಇವರ ಕುತ್ತಿಗೆಯನ್ನು ಅವನೇ ಸರಿಮಾಡಬೇಕು. ಇಟ್ಟುಕೊಳ್ಳಿ." ಜೊತೆಗೆ ನನ್ನದೊಂದು ಷರತ್ತನ್ನೂ ಹೇಳಿದೆ. ನನ್ನ ಸಹಿ ಇಲ್ಲದೆ ಯಾವ ಕಾರೂ ಟ್ರ್ಯಾಕಿಗೆ ಇಳಿಯಬಾರದು, ಅಮೆರಿಕದವನದ್ದೂ. ಕಫೀಲ ಒಪ್ಪಿದ.

ಹೀಗೆ ಕಿಟಕಿ ಅವನಿಗೇ ಉಳಿಯಿತು. ಹೆಂಡತಿ ಆ ತುಳಸಿಯನ್ನು ತಾನೇ ಕೊಂಡುಹೋಗಿ ಅವನಿಗೆ ಕೊಟ್ಟುಬಂದಳು, ನನ್ನನ್ನು ಕೇಳಲಿಲ್ಲ. ದಿನವೂ ಬೆಳಿಗ್ಗೆ ಅವನು ಕಾರಿನ ಕಾಗದ ಹಿಡಿದು ನನ್ನ ಕಿಟಕಿಯಿಲ್ಲದ ಕೋಣೆಗೆ ಬಂದು, ಸಹಿಗಾಗಿ ನಿಲ್ಲುತ್ತಾನೆ. ನಾನು ಓದಿ, ಇನ್ನೊಮ್ಮೆ ಓದಿ, ಆಮೇಲೆ ಹಾಕುತ್ತೇನೆ.

ಶುಕ್ರವಾರ ಊರಿಗೆ ಫೋನ್ ಮಾಡುತ್ತೇನೆ. ಅಪ್ಪ ಮೊದಲು ಕೇಳುವುದು, "ನಿನ್ನ ಆ ಅಮೆರಿಕದವರು ಹೇಗಿದ್ದಾರೆ?" ಚೆನ್ನಾಗಿದ್ದಾನೆ ಎನ್ನುತ್ತೇನೆ. ಆಮೇಲೆ ನನ್ನನ್ನು ಕೇಳುತ್ತಾರೆ.