ಹೊಳೆನರಸೀಪುರ–ತೈವಾನ್, ವಯಾ ಅರಕಲಗೂಡು

‘ನಿಮ್ಮ ಹತ್ತಿರದಲ್ಲಿ ಯಾರೂ ಇಲ್ಲವೇ?’

ಲ್ಯಾಪ್‌ಟಾಪ್ ಪರದೆಯೊಳಗಿಂದ ತೈವಾನ್ ಕಂಪನಿಯ ಮೇಡಂ ಕೇಳಿದರು. ನನ್ನ ಗೆಳತಿ ವೀಣಾ ತಣ್ಣಗೆ ‘ಇಲ್ಲ’ ಅಂದಳು. ಪಕ್ಕದಲ್ಲಿ ಕೂತಿದ್ದ ನನಗೆ ಕಾಫಿ ನೆತ್ತಿಗೆ ಹತ್ತಿತು.

ವೀಣಾಳದು ಹೊಳೆನರಸೀಪುರದಲ್ಲೊಂದು ಪುಟ್ಟ ಕಂಪನಿ. ಚಿಪ್ ತಯಾರಾಗುವ ಮೊದಲೇ ಅದರ ಡಿಸೈನ್‌ನಲ್ಲಿ ತಪ್ಪು ಹುಡುಕುವ ಕೆಲಸ. ತೈವಾನ್‌ನವರಿಗೆ ಅದೂ ಬೇಕು, ತಯಾರಾದ ಚಿಪ್ಪನ್ನು ಕೂರಿಸಿ ಪರೀಕ್ಷಿಸುವ ಬೋರ್ಡೂ ಬೇಕು. ಎರಡೂ ಒಂದೇ ಕಡೆ ಸಿಕ್ಕರೆ ಪಾರ್ಟ್‌ನರ್‌ಷಿಪ್. ಇಲ್ಲದಿದ್ದರೆ ನಮಸ್ಕಾರ.

ಬೋರ್ಡ್ ಮಾಡುವವಳು ಇದ್ದಳು. ಮಂಜುಳ. ನಾವು ಮೂವರೂ ಹಾಸನದಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು (ನಾನು ಹೇಗೋ ಪಾಸಾಗಿ ಅಂಕಣ ಬರೆಯಲು ಬಂದೆ). ಅವರಿಬ್ಬರೂ ಸೇರಿ ಕಂಪನಿ ಕಟ್ಟಿದರು. ಆಫೀಸು ಹೊಳೆನರಸೀಪುರದಲ್ಲಿರಬೇಕೋ ಅರಕಲಗೂಡಿನಲ್ಲೋ ಎಂಬ ಜಗಳಕ್ಕೆ ಮುರಿದುಕೊಂಡರು. ನಗಬೇಡಿ. ಇದಕ್ಕಿಂತ ಚಿಕ್ಕ ಕಾರಣಕ್ಕೆ ನಾವು ಮಾತು ಬಿಟ್ಟಿಲ್ಲವೇ?

ಕಾಲ್ ಮುಗಿದದ್ದೇ ಅರಕಲಗೂಡಿಗೆ, ಮಂಜುಳಳ ಹತ್ತಿರ ಹೋಗೋಣವೆಂದು ನಾನು ಕಾರಿನ ಕೀ ಎತ್ತಿಕೊಂಡೆ. ವೀಣಾ ಬರುವುದೇ ಇಲ್ಲವೆಂದಳು. ಒಳಗಿನ ರೂಮಿನಲ್ಲಿ ಅವಳ ಕಂಪನಿಯ ಹುಡುಗಿಯರು ಕೆಲಸವಿಲ್ಲದೆ ಕೂತಿದ್ದರು. ಈ ಅವಕಾಶವೂ ತಪ್ಪಿದರೆ ಬಾಗಿಲು ಮುಚ್ಚುವುದೇ. ಅವರತ್ತ ಒಮ್ಮೆ ನೋಡಿದವಳು ಬಂದು ಕಾರು ಹತ್ತಿದಳು.

ಅರಕಲಗೂಡಿನ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದರ ಹಿಂದೆ ಮಂಜುಳಳ ವರ್ಕ್‌ಶಾಪ್. ವಿಷಯವೆಲ್ಲ ನಾನೇ ಹೇಳಿದೆ. ಅವಳು ಮಾತ್ರ ವೀಣಾಳನ್ನೇ ನೋಡುತ್ತಿದ್ದಳು.

‘ತೈವಾನ್ನೋರು ಕೇಳುದ್ರು ಅಂತ ಬಂದ್ಯಾ? ಆಫೀಸ್ ಇಲ್ಲೇ ಮಾಡನ ಅಂತ ನಾನ್ ಕರ್ದಾಗ ಯಾಕ್ ಬರ್ನಿಲ್ಲ?’

‘ಬರ್ಬೇಕಿತ್ತು ಕಣೇ,’ ಅಂದಳು ವೀಣಾ. ‘ನೀನಿಲ್ದೆ ನನ್ ಕೈಲಿ ಆಗಕಿಲ್ಲ.’

ಮಂಜುಳ ಸೋಲ್ಡರಿಂಗ್ ಐರನ್ ಕೆಳಗಿಟ್ಟಳು. ಸ್ಟೂಲೊಂದನ್ನು ವೀಣಾಳತ್ತ ತಳ್ಳಿದಳು.

ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ಲ್ಯಾಪ್‌ಟಾಪಿಗೆ ತಲೆ ತಾಗಿಸಿ ಮತ್ತೆ ಜಗಳವಾಡುತ್ತಿದ್ದರು. ಈ ಸಲ ಚಿಪ್ಪಿನ ಬಗ್ಗೆ. ಎಷ್ಟು ಚೆಂದದ ಜಗಳ! ನಾನು ಹೊರಗೆ ಹೋಗಿ ಬಿಸಿ ಬೋಂಡ ತಂದೆ. (ಸೆಮಿಕಂಡಕ್ಟರ್ ಕ್ಷೇತ್ರಕ್ಕೆ ನನ್ನ ಕೊಡುಗೆ ಇಷ್ಟೇ.)

ತೈವಾನ್‌ನವರು ಮೊದಲು ಸ್ಯಾಂಪಲ್ ಕೆಲಸ ಕೊಟ್ಟರು. ಅದು ಪಾಸಾಯಿತು. ಕಳೆದ ವಾರ ಒಪ್ಪಂದಕ್ಕೆ ಸಹಿಯೂ ಬಿತ್ತು. ಪರದೆಯೊಳಗೆ ಆ ಮೇಡಂ ಚಪ್ಪಾಳೆ ತಟ್ಟಿದರೆ, ಇಲ್ಲಿ ಹುಡುಗಿಯರು ಕುಣಿದೇಬಿಟ್ಟರು. ಮಂಜುಳ ಅಳುತ್ತಳುತ್ತಲೇ ನಗುತ್ತಿದ್ದಳು. ವೀಣಾ ಅವಳ ಬೆನ್ನಿಗೊಂದು ಗುದ್ದಿದಳು.

ಸಣ್ಣ ಕಂಪನಿಗಳಿಗೆ ಹೊರದೇಶದ ಬಾಗಿಲು ಈಗ ತೆರೆಯುತ್ತಿದೆ. ಎಲ್ಲರೂ ದೂರದ ಪಾರ್ಟ್‌ನರ್ ಹುಡುಕುತ್ತಿದ್ದಾರೆ. ಹುಡುಕಲಿ, ಸಂತೋಷ. ಆದರೆ ಸಮುದ್ರದಾಚೆಗೆ ಸಲೀಸಾಗಿ ಮೇಲ್ ಕಳಿಸುವ ನಮಗೆ, ಪಕ್ಕದ ತಾಲ್ಲೂಕಿಗೊಂದು ಫೋನ್ ಮಾಡಲು ಇಷ್ಟೊಂದು ಕಷ್ಟವೇಕೆ?